ಹಳದಿಯ ಶಂಖವೂ ಹಲಸಿನ ತೊಳೆಯೂ

ಪಿತ್ತವೇರಿದವನ ಕಣ್ಣಿಗೆ ಬಿಳಿಯ ಶಂಖವು ಹಳದಿಯಾಗಿ ಕಾಣುತ್ತದೆಯೆಂಬ ದೃಷ್ಟಾಂತವನ್ನು ತಾರ್ಕಿಕರು ಬಹು ಹಿಂದಿನಿಂದಲೂ ಹೇಳುತ್ತ ಬಂದಿರುವರು. ಅದರಲ್ಲಿ ಒಂದು ಸ್ವಾರಸ್ಯವುಂಟು. ಶಂಖವು ಬೆಳ್ಳಗಿರತಕ್ಕದ್ದೆಂದು ಚೆನ್ನಾಗಿ ಬಲ್ಲವನಿಗೂ ಅದು ಹಳದಿಯಾಗಿಯೇ ಕಾಣುತ್ತದೆ. ತಿಳಿವಳಿಕೆಯೊಂದರಿಂದಲೇ ನೋಟವು ತಿದ್ದಿಹೋಗದು, ಪಿತ್ತಕ್ಕೆ ಔಷಧವಾಗಬೇಕು. ಪಾಠಶಾಲೆಯ ಜಗಲಿಯಲ್ಲಿ ಕಂಠಪಾಠವಾಗುತ್ತಿದ್ದ ಈ ಮಾತು ತುಮಕೂರಿನ ಬಳಿಯ ಹಿರೇಹಳ್ಳಿಯಲ್ಲಿ ತರುಣನೊಬ್ಬನ ಗಣಕಯಂತ್ರದ ಪರದೆಯ ಮುಂದೆ ನಿಜವಾದ ವೃತ್ತಾಂತವನ್ನು ವಾಚಕರು ಅವಧರಿಸಬಹುದು.

ಹಿರೇಹಳ್ಳಿಯು ಬೆಂಗಳೂರಿನಿಂದ ತುಮಕೂರಿಗೆ ಬರುವ ಹೆದ್ದಾರಿಯ ಮೇಲಣ ಊರು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಗೆ ಸೇರಿದ ಪ್ರಯೋಗ ಕೇಂದ್ರವೊಂದು ಇಲ್ಲಿದೆ. ಗುಬ್ಬಿ ತಾಲ್ಲೂಕು ಚೇಳೂರಿನ ರೈತರೊಬ್ಬರ ತೋಟದಲ್ಲಿದ್ದ ಹಲಸಿನ ಮರವನ್ನು ಈ ಕೇಂದ್ರದ ವಿಜ್ಞಾನಿಗಳು ಪರೀಕ್ಷಿಸಿ, ಮರವನ್ನು ನೆಟ್ಟ ಹಿರಿಯರ ನೆನಪಿಗೆ ‘ಸಿದ್ದು’ ಎಂಬ ಹೆಸರಿನಿಂದ ಅದನ್ನು ತಳಿಯಾಗಿ ಗುರುತಿಸಿದರು. 2017ರಲ್ಲಿ ಅದರ ಕಸಿಗಿಡಗಳನ್ನು ಬೆಳೆಸುವುದಕ್ಕೆ ಆ ರೈತರೊಡನೆಯೇ ಒಡಂಬಡಿಕೆಯೂ ಆಯಿತು. ಹಣ್ಣು ಸಣ್ಣದು, ತೊಳೆಯ ಬಣ್ಣ ತಾಮ್ರಗೆಂಪು. ಟೊಮೇಟೊವಿಗೂ ಕಲ್ಲಂಗಡಿಗೂ ಕೆಂಪನ್ನು ಕೊಡುವ ಲೈಕೊಪೀನ್ ಎಂಬ ದ್ರವ್ಯವು ಇದರಲ್ಲಿಯೂ ಇದೆ. ಇದು ಪ್ರಸಿದ್ಧವಾದ ತರುವಾಯ ಕೆಂಪು ತೊಳೆಯ ಹಲಸೆಂದರೆ ಜನರಿಗೆ ಆದರವು ಹೆಚ್ಚಿತು. ಆದರೆ ಕಸಿಗಿಡವನ್ನು ಕೊಂಡವನು ಹಣ್ಣಿನ ಮುಖವನ್ನು ಕಾಣುವುದು ನಾಲ್ಕೈದು ವರ್ಷಗಳ ಮೇಲೆ. ಅಲ್ಲಿಯ ಪರ್ಯಂತ ಮಾರಿದವನ ಮಾತು, ಅವನು ತೋರಿಸಿದ ಚಿತ್ರ, ಇವೆರಡೇ ಅವನಿಗೆ ಪ್ರಮಾಣ.

ಕೆಲವು ವರ್ಷಗಳ ಕೆಳಗೆ, ಹಿರೇಹಳ್ಳಿಯ ಸಮೀಪದಲ್ಲಿ ಕಸಿಗಿಡಗಳನ್ನು ಬೆಳೆಸುವ ವೃದ್ಧ ಯಜಮಾನರೊಬ್ಬರು ತಮ್ಮ ತೋಟದ ಕೆಂಪು ತೊಳೆಯ ಹಲಸಿನ ಚಿತ್ರವಿರುವ ಕರಪತ್ರವನ್ನು ಮಾಡಿಸಲು ಬಯಸಿದರು. ಛಾಯಾಚಿತ್ರ ತೆಗೆದು, ಮದುವೆಯ ಕರೆಯೋಲೆ, ಅಂಗಡಿಯ ಫಲಕ, ಪುಸ್ತಕದ ಹೊದಿಕೆ ಮುಂತಾದುವನ್ನು ಗಣಕಯಂತ್ರದಲ್ಲಿ ವಿನ್ಯಾಸಮಾಡಿಕೊಡತಕ್ಕ ತರುಣನೊಬ್ಬನು ಊರಿನಲ್ಲಿಯೇ ಇದ್ದನು. ಆತನು ತೋಟಕ್ಕೆ ಹೋಗಿ, ಬಿಡಿಸಿದ ಹಣ್ಣಿನ ಚಿತ್ರವನ್ನು ತೆಗೆದು ತಂದು ಪರದೆಯ ಮೇಲೆ ನೋಡಿದನು. ತೊಳೆಯು ಪೇಲವವಾಗಿ ಕಂಡಿತು. ಕೆಂಪನ್ನು ಸ್ವಲ್ಪ ಏರಿಸಿದನು. ಸಾಲದೆಂದು ಮತ್ತೂ ಏರಿಸಿದನು. ಚಿತ್ರವು ಅತಿಯಾಗಿ ಬೆಳಗುತ್ತಿದೆಯೆಂದು ನೆರಳುಗಳನ್ನೂ ತುಸು ಗಾಢಮಾಡಿದನು. ತೃಪ್ತಿಯಾದ ಮೇಲೆ ಮುದ್ರಣಾಲಯಕ್ಕೆ ಕಳುಹಿಸಿದನು. ಎರಡು ಸಾವಿರ ಪ್ರತಿಗಳು ಅಚ್ಚಾಗಿ ಬಂದವು.

ಯಜಮಾನರು ಹಣ್ಣೊಂದನ್ನು ಬಿಡಿಸಿ ತೊಳೆಯನ್ನು ಕರಪತ್ರದ ಮಗ್ಗುಲಲ್ಲಿಟ್ಟರು. ಕಾಗದದ ಮೇಲಿದ್ದುದು ಒಣಗಿದ ರಕ್ತದ ಬಣ್ಣ. ಕೈಯಲ್ಲಿದ್ದುದು ಹುಣಸೆಹಣ್ಣಿನಿಂದ ಉಜ್ಜಿದ ತಾಮ್ರದ ಚೆಂಬಿನ ಬಣ್ಣ.

“ಏನಪ್ಪಾ, ಇದು ನಮ್ಮ ಮರದ ಹಣ್ಣಲ್ಲವಲ್ಲ!”

“ಅಚ್ಚಿನಲ್ಲಿ ಏನೋ ವ್ಯತ್ಯಾಸವಾಗಿದೆ, ಯಜಮಾನರೇ. ನನ್ನ ಪರದೆಯ ಮೇಲೆ ಸರಿಯಾಗಿಯೇ ಇತ್ತು.”

“ಇದ್ದೀತು. ಈ ಪಟ ನೋಡಿ ಗಿಡ ಒಯ್ದವನು ಐದು ವರ್ಷ ನೀರು ಹುಯ್ದು, ಹಣ್ಣು ಕೊಯ್ದ ದಿನ ನನ್ನನ್ನು ಏನೆಂದಾನು? ಆ ಹೊತ್ತಿಗೆ ನಾನಿರುತ್ತೇನೋ ಇಲ್ಲವೋ. ಬೈಗುಳವನ್ನು ನನ್ನ ಮಗ ತಿನ್ನಬೇಕು.”

ಕರಪತ್ರಗಳನ್ನು ಅವರು ಹಂಚಲಿಲ್ಲ. ಹಣವನ್ನು ಕೊಡುವೆನೆಂದರು, ತರುಣನು ತೆಗೆದುಕೊಳ್ಳಲಿಲ್ಲ. ಅಚ್ಚಿನ ವೆಚ್ಚವು ಆತನ ಒಂದು ತಿಂಗಳ ಸಂಪಾದನೆಯನ್ನು ನುಂಗಿತು.

ದೋಷವು ಅಚ್ಚಿನದಲ್ಲವೆಂದು ತಿಳಿಯುವುದಕ್ಕೆ ಆತನಿಗೆ ಹೆಚ್ಚು ದಿನ ಹಿಡಿಯಲಿಲ್ಲ. ಅದೇ ಚಿತ್ರವನ್ನು ಸ್ನೇಹಿತರ ಮನೆಯ ಪರದೆಗಳಲ್ಲಿ ತೆರೆದು ನೋಡಿದರೆ ಒಂದೊಂದರಲ್ಲಿ ಒಂದೊಂದು ಕೆಂಪು! ಆತನ ಪರದೆಯ ಬಿಳುಪು ನೀಲಿಗೆ ವಾಲಿದ್ದಿತು. ಅನೇಕ ಪರದೆಗಳು ಕಾರ್ಖಾನೆಯಿಂದ ಬರುವಾಗಲೇ ಹೀಗೆ ನೀಲಿ ಬೆರೆತ ಬಿಳುಪಿಗೂ ಅತಿಪ್ರಕಾಶಕ್ಕೂ ಹೊಂದಿಸಲ್ಪಟ್ಟಿರುವುದುಂಟು. ಅಂಗಡಿಯಲ್ಲಿ ಸಾಲಾಗಿ ಇಟ್ಟಾಗ ಥಳಥಳಿಸುವುದೇ ಗಿರಾಕಿಯ ಕಣ್ಣಿಗೆ ಬೀಳುವುದಷ್ಟೆ. ನೀಲಿಯ ನಡುವೆ ಕೆಂಪು ಸೊರಗಿತು. ಸೊರಗಿದುದಕ್ಕೆ ಆತನು ತುಂಬಿದನು. ತುಂಬಿದುದೆಲ್ಲ ಕಾಗದದ ಮೇಲೆ ಮಿಗಿಲಾಯಿತು. ಪರದೆಗಳ ಈ ಗುಣವನ್ನು ಆತನು ಅರಿಯದವನೇನೂ ಅಲ್ಲ. ಆದರೆ ಅರ್ಧ ಗಂಟೆ ದಿಟ್ಟಿಸಿದ ಕಣ್ಣು ಅಲ್ಲಿರುವ ಬಿಳುಪನ್ನೇ ಬಿಳುಪೆಂದು ಒಪ್ಪಿಕೊಂಡುಬಿಡುತ್ತದೆ. ಲಾಂದ್ರದ ಬೆಳಕಿನಲ್ಲಿ ಓದಿ ಬೆಳೆದವರಿಗೆ ಪುಸ್ತಕದ ಹಾಳೆಯು ಹಳದಿಯೆಂದು ಎಂದಾದರೂ ತೋರಿತ್ತೆ? ಸಂಸಾರದಲ್ಲಿ ಇದು ಕಣ್ಣಿನ ದೊಡ್ಡ ಉಪಕಾರ. ವರ್ಣಕರ್ಮದಲ್ಲಿ ಇದೇ ಪಿತ್ತ.

ಔಷಧವು ಅಂಗೈಯಲ್ಲಿ ಅಡಗುವ ಒಂದು ಉಪಕರಣ. ಸ್ಪೈಡರ್, ಕ್ಯಾಲಿಬ್ರೈಟ್ ಮುಂತಾದ ಹೆಸರುಗಳಿಂದ ಇಂಥ ವರ್ಣಮಾಪಕಗಳು ಪೇಟೆಯಲ್ಲಿ ದೊರೆಯುತ್ತವೆ. ತರುಣನು ಸಾಲಮಾಡಿ ಒಂದನ್ನು ತರಿಸಿದನು. ಪರದೆಯನ್ನು ಅರ್ಧ ಗಂಟೆಯಷ್ಟು ಹೊತ್ತು ಬೆಳಗಬಿಟ್ಟು, ಕೋಣೆಯನ್ನು ಮಬ್ಬುಮಾಡಿ, ಉಪಕರಣವನ್ನು ಪರದೆಯ ಮುಖಕ್ಕೆ ಒರಗುವಂತೆ ತೂಗುಹಾಕಿ, ಅದರ ತಂತಿಯನ್ನು ಗಣಕಯಂತ್ರಕ್ಕೆ ಸೇರಿಸಬೇಕು. ಆಗ ಪರದೆಯು ಕೆಂಪು, ಹಸಿರು, ನೀಲಿ, ಬೂದು ಎಂದು ಬಣ್ಣದ ಚೌಕಗಳನ್ನು ಒಂದಾದಮೇಲೊಂದಾಗಿ ತೋರಿಸುತ್ತ ಹೋಗುತ್ತದೆ. ಕೇಳಿದ ಬಣ್ಣವಾವುದು, ತೋರಿದ ಬಣ್ಣವಾವುದು ಎಂಬುದನ್ನು ಉಪಕರಣವು ಅಳೆಯುತ್ತದೆ; ಪರದೆಯ ಸ್ವಭಾವವು ಒಂದು ಕಡತದಲ್ಲಿ ಬರೆಯಲ್ಪಡುತ್ತದೆ. ಇದಕ್ಕೆ ಪ್ರೊಫೈಲ್ ಎಂದು ಹೆಸರು. ಇಂಥ ಕಡತಗಳು ಎಲ್ಲ ಯಂತ್ರಗಳಿಗೂ ಅರ್ಥವಾಗಲೆಂದು 1993ರಲ್ಲಿ ಹಲವು ಕಂಪೆನಿಗಳು ಕೂಡಿ ಅಂತರರಾಷ್ಟ್ರೀಯ ವರ್ಣ ಒಕ್ಕೂಟವನ್ನು ಸ್ಥಾಪಿಸಿದವು. ಬಿಳುಪನ್ನು 6500 ಕೆಲ್ವಿನ್ನಿಗೂ, ಗ್ಯಾಮವನ್ನು 2.2ಕ್ಕೂ, ಪ್ರಕಾಶವನ್ನು ಚದರ ಮೀಟರಿಗೆ 120 ಕ್ಯಾಂಡೆಲಾಕ್ಕೂ ನಿಲ್ಲಿಸುವುದು ರೂಢಿ. ಅಚ್ಚಿನ ಕೆಲಸಕ್ಕಾಗಿ ಪ್ರಕಾಶವನ್ನು ಇನ್ನೂ ಇಳಿಸುವವರುಂಟು. ಪರದೆಗೆ ವಯಸ್ಸಾದಂತೆ ಬಣ್ಣವು ಕದಲುವುದರಿಂದ ತಿಂಗಳಿಗೊಮ್ಮೆಯಾದರೂ ಈ ಅಳತೆಯು ಪುನಃ ನಡೆಯತಕ್ಕದ್ದು.

ಕೆಂಪೆಂದರೆ ಇಂಥದೆಂದು ಈ ಜಡವಸ್ತುವಿಗೆ ಕಲಿಸಿದವರಾರೆಂಬ ಪ್ರಶ್ನೆ ಇಲ್ಲಿ ಏಳಬಹುದು. 1920ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ರೈಟ್ ಎಂಬಾತನು 10 ಮಂದಿಯನ್ನೂ ಗಿಲ್ಡ್ ಎಂಬಾತನು 7 ಮಂದಿಯನ್ನೂ ಕುಳ್ಳಿರಿಸಿ, ಬಣ್ಣಕ್ಕೆ ಬಣ್ಣವನ್ನು ಹೊಂದಿಸುವ ಪರೀಕ್ಷೆಗಳನ್ನು ನಡೆಸಿದರು. ಅವುಗಳ ಆಧಾರದಿಂದ 1931ರಲ್ಲಿ ಅಂತರರಾಷ್ಟ್ರೀಯ ದೀಪನ ಆಯೋಗವು ಒಬ್ಬ ಪ್ರಮಾಣಭೂತ ನೋಟಕನನ್ನು ಕಲ್ಪಿಸಿತು. ಲೋಕದ ಪರದೆಗಳೆಲ್ಲವೂ ಇಂದಿಗೂ ಬಹುಮಟ್ಟಿಗೆ ಈ ಕಲ್ಪಿತ ಪುರುಷನ ಕಣ್ಣಿನಿಂದಲೇ ಅಳೆಯಲ್ಪಡುತ್ತಿವೆ. ಆ ಹದಿನೇಳು ಮಂದಿಯಲ್ಲಿ ಹಲಸಿನ ತೊಳೆಯನ್ನು ಕಂಡವನು ಒಬ್ಬನಾದರೂ ಇದ್ದನೋ ಇಲ್ಲವೋ! ಅನ್ನಂಭಟ್ಟನು ತರ್ಕಸಂಗ್ರಹದಲ್ಲಿ ರೂಪಗಳನ್ನು ಏಳೆಂದು ಎಣಿಸಿರುವನು; ಸಾಧಾರಣವಾದ ಪರದೆಯೊಂದು 1 ಕೋಟಿ 67 ಲಕ್ಷಕ್ಕೂ ಮಿಗಿಲಾದ ಬಣ್ಣಗಳನ್ನು ಲೆಕ್ಕಹಾಕುತ್ತದೆ. ಏಳನ್ನು ಕಣ್ಣಳತೆಯಿಂದ ಬೇರ್ಪಡಿಸಬಹುದಾಗಿತ್ತು.

ಅಳತೆ ಮುಗಿದು ಹೊಸ ಕಡತವು ಜಾರಿಗೆ ಬಂದಾಗ ಪರದೆಯೆಲ್ಲ ಹಳದಿಯಾಗಿ, ಮಂಕಾಗಿ ಕಂಡಿತು. ಉಪಕರಣವೇ ಕೆಟ್ಟಿದೆಯೆಂದು ತರುಣನು ಗಾಬರಿಗೊಂಡನು. ಹಳದಿಯ ಶಂಖವು ತಲೆಕೆಳಗಾಗಿ ಬಂದಂತಾಯಿತು: ಔಷಧ ಕುಡಿದ ಮೇಲೆ ಬಿಳಿಯದೇ ಹಳದಿ! ಎರಡು ದಿನಗಳು ಕಳೆದ ಮೇಲೆ ಹಳೆಯ ಸ್ಥಿತಿಯನ್ನು ಮರಳಿಸಿ ನೋಡಿದನು. ಅದು ಬಟ್ಟೆಗೆ ನೀಲಿ ಹೆಚ್ಚಾದಂತೆ ಕಂಡಿತು.

ಅಷ್ಟಕ್ಕೇ ಕೆಲಸವು ಮುಗಿಯಲಿಲ್ಲ. ತಾನು ಮೊದಲು ತೆಗೆದ ಚಿತ್ರವನ್ನು ತಿದ್ದದೆ ಇದ್ದ ರೂಪದಲ್ಲಿ ತೆರೆದಾಗ, ತೊಳೆಯ ಮೇಲೆಲ್ಲ ತೆಳುವಾದ ಹಸಿರು ಹರಡಿದ್ದುದು ಗೋಚರಿಸಿತು. ಆ ಹಣ್ಣನ್ನು ಬಿಡಿಸಿದ್ದುದು ಸಸಿಗಳಿಗೆ ಕಟ್ಟಿದ ಹಸಿರು ನೆರಳುಬಲೆಯ ಕೆಳಗೆ. ದಾಸವಾಳದ ಮಗ್ಗುಲಲ್ಲಿಟ್ಟ ಸ್ಫಟಿಕವು ಕೆಂಪಾಗಿ ತೋರುವುದೆಂಬುದು ಶಾಸ್ತ್ರದ ಇನ್ನೊಂದು ದೃಷ್ಟಾಂತವಲ್ಲವೆ? ಪರದೆಯ ದೋಷವನ್ನು ಕಳೆಯುವ ಉಪಕರಣವು ನೆರಳುಬಲೆಯ ದೋಷವನ್ನು ಕಳೆಯಲಾರದು. ಹಲಸಿನ ಕಾಲವೋ ಮುಗಿದಿತ್ತು. ಆತನು ಮುಂದಿನ ವರ್ಷದ ಬೇಸಿಗೆಯವರೆಗೆ ಕಾದು, ಮನೆಯ ಪಡಸಾಲೆಯಲ್ಲಿ, ಹಣ್ಣಿನ ಪಕ್ಕದಲ್ಲಿ ಬೂದುಬಣ್ಣದ ರಟ್ಟೊಂದನ್ನಿಟ್ಟು ಚಿತ್ರ ತೆಗೆದನು. ಈ ಸಲ ಮುದ್ರಣಾಲಯದ ಪ್ರೊಫೈಲನ್ನೂ ಕೇಳಿ ತಂದನು. ನಾಲ್ಕು ಮಸಿಗಳ ಮಿಶ್ರಣವು ಪರದೆಯ ಎಲ್ಲ ಹೊಳಪನ್ನೂ ಮುಟ್ಟಲಾರದಾದುದರಿಂದ, ಅಚ್ಚು ಎಲ್ಲಿ ಸೋಲುವುದೆಂಬುದನ್ನು ಪರದೆಯ ಮೇಲೆಯೇ ನೋಡಿಕೊಂಡನು. ಮೊದಲು ಒಂದೇ ಪ್ರತಿಯನ್ನು ತೆಗೆಸಿದನು.

ಯಜಮಾನರು ಆ ಪ್ರತಿಯನ್ನು ಅಂಗಳಕ್ಕೆ ಒಯ್ದು ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಹರ್ಷವೇನೂ ತೋರಲಿಲ್ಲ.

“ಇಷ್ಟೇ ಕೆಂಪೇನಪ್ಪಾ?”

“ಹಣ್ಣಿಟ್ಟು ನೋಡಿ, ಯಜಮಾನರೇ.”

ತೊಳೆಯನ್ನು ತಂದಿಟ್ಟರು. ಕಣ್ಣು ಕಾಗದದಿಂದ ಹಣ್ಣಿಗೂ ಹಣ್ಣಿನಿಂದ ಕಾಗದಕ್ಕೂ ನಾಲ್ಕಾರು ಸಲ ಓಡಾಡಿತು. ಬಳಿಕ ತೊಳೆಯನ್ನು ತರುಣನ ಕೈಗೆ ಕೊಟ್ಟು, “ತಿನ್ನು” ಎಂದರು. ಐನೂರು ಪ್ರತಿಗಳು ಅಚ್ಚಾದವು. ಬೇರೆ ಕಡೆಯ ಕರಪತ್ರಗಳಲ್ಲಿ ಹಣ್ಣು ಇದಕ್ಕಿಂತ ಕೆಂಪಾಗಿದೆಯೆಂದು ಹೇಳಿ ಗಿಡ ಕೊಳ್ಳದೆ ಹೋದವರೂ ಇದ್ದರು. ಅವರನ್ನು ಯಜಮಾನರು ತಡೆಯಲಿಲ್ಲ.

ತೋಟದ ಬಾಗಿಲಿಗೆ ಅಂಟಿಸಿದ್ದ ಪ್ರತಿಯು ಎರಡು ತಿಂಗಳ ಬಿಸಿಲಿಗೆ ಬಣ್ಣಗೆಟ್ಟು ಪೇಲವವಾಯಿತು. ಯಜಮಾನರು ಅದನ್ನು ಕಿತ್ತುಹಾಕಿ, ಉಳಿದ ಪ್ರತಿಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗಹಾಕಿದರು. ಗಿಡ ಕೇಳಿಕೊಂಡು ಬಂದವರಿಗೆ ಮಾತ್ರ ತೆಗೆದು ಕೊಡುತ್ತಾರೆ. ಹಣ್ಣಿನ ಕಾಲವಾದರೆ ಜೊತೆಗೊಂದು ತೊಳೆಯನ್ನೂ ಕೊಡುತ್ತಾರೆ.