ತುಮ್ಮನಟ್ಟಿಯಲ್ಲಿ ಒಂದು ಹಳೆಯ ಟಿಲ್ಲರ್

ಉದಕಮಂಡಲದಿಂದ ಕೋಟಗಿರಿಯ ಕಡೆಗೆ ಹೊರಟ ರಸ್ತೆ ದೊಡ್ಡಬೆಟ್ಟದ ಮಗ್ಗುಲನ್ನು ಬಳಸಿ ಇಳಿಯತೊಡಗಿದಾಗ, ಚಹಾ ತೋಟಗಳ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಕಡಿದ ಗಜ್ಜರಿ, ಆಲೂಗಡ್ಡೆಯ ಹೊಲಗಳು ಕಾಣುತ್ತವೆ. ತುಮ್ಮನಟ್ಟಿ ಇರುವುದು ಈ ಸೀಮೆಯಲ್ಲಿ. ಬಡಗರ ಊರು. ಊರಿಗೆ ಹಟ್ಟಿ ಎನ್ನುವ ಜನ. ಬಡಗಣ ದಿಕ್ಕಿನ ಮೈಸೂರು ಸೀಮೆಯಿಂದ ಬಂದವರೆಂಬ ನೆನಪನ್ನು ಹೆಸರಿನಲ್ಲಿಯೇ ಉಳಿಸಿಕೊಂಡವರು. ಅವರ ಮಾತಿಗೆ ಕಿವಿಗೊಟ್ಟರೆ ಅರ್ಧದಷ್ಟು ನಮಗೆ ತಿಳಿಯುತ್ತದೆ. ಉಳಿದರ್ಧ ತಿಳಿದಂತೆ ತೋರಿ ಮೋಸಮಾಡುತ್ತದೆ.

ನಾನು ಅಲ್ಲಿಗೆ ಹೋದದ್ದು ಬೆಟ್ಟ ನೋಡುವುದಕ್ಕಲ್ಲ. ನನ್ನ ತಂಗಿಯ ಮಗ ಬೆಂಗಳೂರಿನ ಕೆಲಸ ಬಿಟ್ಟು ಆ ಕಡೆ ಒಂದೂವರೆ ಎಕರೆ ಭೂಮಿಯನ್ನು ಗೇಣಿಗೆ ಹಿಡಿದಿದ್ದ. ಕೈಯಲ್ಲಿ ಇದ್ದದ್ದು 4 ಲಕ್ಷ ರೂಪಾಯಿ. ತುಮ್ಮನಟ್ಟಿಯಲ್ಲಿ 13 ಅಶ್ವಶಕ್ತಿಯ ಹಳೆಯ ಪವರ್ ಟಿಲ್ಲರ್ ಒಂದು 90,000 ರೂಪಾಯಿಗೆ ಮಾರಾಟಕ್ಕಿದೆ ಎಂದು ಕೇಳಿ, "ಮಾವ, ಕಾಗದಪತ್ರ ನೀವು ನೋಡಿಬಿಡಿ" ಎಂದು ನನ್ನನ್ನು ಕರೆದೊಯ್ದ.

ಯಂತ್ರ ಟಾರ್ಪಾಲಿನ ಕೆಳಗಿತ್ತು. ಮಾಲೀಕರು ವಯಸ್ಸಾದ ಬಡಗರು. ನಾನು ಮೊದಲು ಬಿಲ್ಲು ಕೇಳಿದೆ. ಅವರು ಮೊದಲು ಚಹಾ ಕೊಟ್ಟರು. ಬಿಲ್ಲಿನ ಜೊತೆಗೆ ಬ್ಯಾಂಕಿನ ಸಾಲಪತ್ರವೂ ಹೊರಬಂತು. ಸಾಲ ಇನ್ನೂ ತೀರಿರಲಿಲ್ಲ. ಯಂತ್ರ ಬ್ಯಾಂಕಿಗೆ ಅಡವಾಗಿತ್ತು. 1930ರ ಸರಕು ಮಾರಾಟ ಕಾಯಿದೆಯ ಸಾಮಾನ್ಯ ನಿಯಮದಂತೆ ಮಾರುವವನು ತನಗಿರುವುದಕ್ಕಿಂತ ಹೆಚ್ಚಿನ ಹಕ್ಕನ್ನು ಕೊಡಲಾರ. ಸರಕಿನ ಗುಣಮಟ್ಟದ ಹೊಣೆಯನ್ನಂತೂ ಆ ಕಾಯಿದೆ ಬಹುಮಟ್ಟಿಗೆ ಕೊಳ್ಳುವವನ ಕಣ್ಣಿಗೇ ಬಿಟ್ಟಿದೆ. ಹಿರಿಯರು ಮುಚ್ಚಿಡಲಿಲ್ಲ. "ನೀವು ಕೊಡುವ ಹಣದಲ್ಲೇ ಬ್ಯಾಂಕಿನದನ್ನು ಕಟ್ಟಬೇಕೆಂದಿದ್ದೆ, ವಕೀಲರೇ" ಎಂದರು. ಹಾಗಾದರೆ ಹಣವನ್ನು ನೇರವಾಗಿ ಸಾಲದ ಖಾತೆಗೆ ಕಟ್ಟಿ, ಬೇಬಾಕಿ ಪತ್ರ ಬಂದ ಮೇಲೆ ಯಂತ್ರ ಎತ್ತುವುದೆಂದು ನಾನು ದಾರಿ ಹೇಳಿದೆ. ನನ್ನ ಕೆಲಸ ಮುಗಿಯಿತೆಂದು ಬೀಗಿದೆ.

ನನಗೆ ಕಾಣದ್ದನ್ನು ತೋರಿಸಿದವರು ಅವರೇ. ಉಳುವ ಅಲಗುಗಳ ಸಂದಿಯಲ್ಲಿ ಒಣಗಿದ ಮಣ್ಣನ್ನು ಕೆರೆದು ಅಂಗೈಯಲ್ಲಿಟ್ಟರು. "ಕೊಂಡರೆ ಮೊದಲು ಇದನ್ನು ತೊಳೆಯಿರಿ. ಇದು ನನ್ನ ಹೊಲದ ಮಣ್ಣು. ಇದರ ಜೊತೆ ಹುಳುವೂ ಬಂದೀತು." ಆಲೂಗಡ್ಡೆಯ ಬೇರಿನಲ್ಲಿ ಕೋಶ ಕಟ್ಟುವ ಜಂತುಹುಳು ನೀಲಗಿರಿಯಲ್ಲಿ ಪತ್ತೆಯಾದದ್ದು 1961ರಲ್ಲಿ. ಸಾಸಿವೆಗಿಂತ ಚಿಕ್ಕದಾದ ಆ ಕೋಶದೊಳಗೆ ಮೊಟ್ಟೆಗಳು ವರ್ಷಗಟ್ಟಲೆ ಬದುಕಿರುತ್ತವೆ; ಮಣ್ಣು ಹೋದಲ್ಲಿಗೆ ಹೋಗುತ್ತವೆ. ಇಲ್ಲಿನ ಬಿತ್ತನೆ ಗಡ್ಡೆ ಹೊರಗೆ ಹೋಗದಂತೆ ನಿರ್ಬಂಧ ಬಂದದ್ದೂ ಈ ಹುಳುವಿನಿಂದಲೇ. ಹಳೆಯ ಯಂತ್ರದ ಬೆಲೆಯಲ್ಲಿ ಇದನ್ನು ಯಾರು ಬರೆಯುತ್ತಾರೆ?

ಇನ್ನೊಂದು ಮಾತನ್ನೂ ಅವರು ಕೇಳಿದರು: "ಇದು ನಾನೂರು ಕಿಲೋ ತೂಗುತ್ತದೆ. ನಿಮ್ಮ ಹೊಲದ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹೇಗೆ ಏರಿಸುತ್ತೀರಿ?" ಹುಡುಗ ಉತ್ತರ ಕೊಡಲಿಲ್ಲ.

ಅಲ್ಲಿಯೇ ಜಗಲಿಯಲ್ಲಿ ಕುಳಿತು ಲೆಕ್ಕ ಹಾಕಿದೆವು. ಆಲೂಗಡ್ಡೆಗೆ ಎಕರೆಗೆ ಒಂದು ಟನ್ನಿಗೂ ಮಿಕ್ಕಿ ಬಿತ್ತನೆ ಗಡ್ಡೆ ಬೇಕು. ಗೊಬ್ಬರ, ಅಂಗಮಾರಿ ರೋಗಕ್ಕೆ ಔಷಧಿ, ಆಳು, ಮೇಟುಪಾಳ್ಯದ ಮಂಡಿಗೆ ಸಾಗಣೆ, ಕಾಟಿ ಹಂದಿಗಳಿಗೆ ಬೇಲಿ. ಫಸಲು ಕೈಸೇರಲು ಸುಮಾರು ನಾಲ್ಕು ತಿಂಗಳು. ಅಲ್ಲಿಯವರೆಗೆ ಊಟದ ಖರ್ಚನ್ನು ಹುಡುಗ ಬರೆದೇ ಇರಲಿಲ್ಲ! ಯಂತ್ರಕ್ಕೆ 90,000 ಸುರಿದರೆ ಒಂದು ಬೆಳೆ ಕೆಟ್ಟಾಗ ಎರಡನೆಯದಕ್ಕೆ ಬಿತ್ತನೆ ಕೊಳ್ಳಲು ಹಣವಿಲ್ಲ.

ಕಿಸಾನ್ ಕ್ರೆಡಿಟ್ ಕಾರ್ಡ್ ಗೇಣಿದಾರನಿಗೂ ಸಿಗಬಹುದು. ಬೆಳೆಸಾಲವನ್ನು ಹೊತ್ತಿಗೆ ತೀರಿಸಿದರೆ ಬಡ್ಡಿ ಶೇಕಡಾ 4ಕ್ಕೆ ಇಳಿಯುತ್ತದೆ. ಆದರೆ ಬ್ಯಾಂಕಿನ ಮುಂದೆ ನಿಲ್ಲಲು ಗೇಣಿಯ ಬರಹವಿದ್ದರೆ ಸುಲಭ. ಇವನದು ಬಾಯಿಮಾತು. ವಕೀಲನ ಸೋದರಳಿಯ! ಹೊಸ ಯಂತ್ರವಾದರೆ ಸಣ್ಣ ರೈತನಿಗೆ ಶೇಕಡಾ 50ರವರೆಗೆ ಸಹಾಯಧನವುಂಟು, ಹಳೆಯದಕ್ಕೆ ಇಲ್ಲ. ಅಗ್ಗವೆಂದು ತೋರಿದ್ದು ಈ ಲೆಕ್ಕದಲ್ಲಿ ಅಷ್ಟು ಅಗ್ಗವಾಗಿ ಉಳಿಯಲಿಲ್ಲ.

ನಾವು ಕೊಳ್ಳಲಿಲ್ಲ. ಹಿರಿಯರಿಗೆ ನಿರಾಶೆಯಾಯಿತು, ಬ್ಯಾಂಕಿನ ಕಂತು ಅವರ ತಲೆಯ ಮೇಲೆಯೇ ಉಳಿಯಿತು. ಆದರೂ ಸಣ್ಣ ಟಿಲ್ಲರನ್ನು ಗಂಟೆಯ ಬಾಡಿಗೆಗೆ ಕೊಡುವವರ ಮನೆಯನ್ನು ತಾವೇ ಬಂದು ತೋರಿಸಿದರು. ಹಿಂತಿರುಗುವಾಗ ಉದಕಮಂಡಲದಲ್ಲಿ ಹುಡುಗ ಎರಡು ಗುದ್ದಲಿ ಕೊಂಡ. ಅದಕ್ಕೂ ರಸೀದಿ ಕೇಳಿ ಪಡೆದ.