ಬೆಟ್ಟದಪುರದ ಮೆಟ್ಟಿಲ ಮೇಲೆ ಎರಡು ಚಿತ್ರಗಳು

ಪಿರಿಯಾಪಟ್ಟಣದ ತಾಲ್ಲೂಕಿನಲ್ಲಿ, ಹೊಗೆಸೊಪ್ಪಿನ ಹೊಲಗಳ ನಡುವೆ ತಲೆಯೆತ್ತಿ ನಿಂತಿರುವ ಗಿರಿಯೇ ಬೆಟ್ಟದಪುರದ ಬೆಟ್ಟ. ಶಿಖರದಲ್ಲಿ ಸಿಡಿಲು ಮಲ್ಲಿಕಾರ್ಜುನನ ಗುಡಿ. ಸಿಡಿಲೇ ಬಂದೆರಗಿ ಸ್ವಾಮಿಯನ್ನು ಅರ್ಚಿಸುವುದೆಂದು ಜನರ ನಂಬಿಕೆ. ತಪ್ಪಲಿನ ಊರು ಸಂಕೇತಿ ಮನೆತನಗಳ ಹಳೆಯ ನೆಲೆ.

ಕಳೆದ ಮಾಘದಲ್ಲಿ ನಾವು ವಿನ್ಯಾಸವಿದ್ಯೆಯನ್ನು ಕಲಿಯುತ್ತಿರುವ ಇಬ್ಬರು ತರುಣರೊಡನೆ ಈ ಬೆಟ್ಟವನ್ನೇರಿದೆವು. ಒಬ್ಬಳು ಈ ಊರಿನಲ್ಲಿಯೇ ಬೆಳೆದ ನಮ್ಮ ಬಂಧುಗಳ ಮಗಳು. ಇನ್ನೊಬ್ಬನು ಅವಳ ಸೋದರತ್ತೆಯ ಮಗ, ಅಮೆರಿಕದಲ್ಲಿ ಹುಟ್ಟಿ ಬೆಳೆದವನು. ಅರ್ಧದಾರಿಯಲ್ಲಿ ದಣಿವಾರಿಸಿಕೊಳ್ಳುತ್ತ, "ಇಲ್ಲಿ ಯಾತ್ರಿಕರಿಗೊಂದು ಮಂಟಪವಾಗಬೇಕು, ಬರೆದು ತೋರಿಸಿರಿ" ಎಂದೆವು.

ಹುಡುಗನು ಮೊದಲು ಒಂದು ಅಡ್ಡಗೆರೆಯನ್ನೆಳೆದನು, ಅದು ದಿಗಂತ. ಹತ್ತಿರದ ಕಂಬ ದೊಡ್ಡದಾಯಿತು, ದೂರದ್ದು ಚಿಕ್ಕದಾಯಿತು, ನೆರಳೆಲ್ಲವೂ ಒಂದೇ ಕಡೆಗೆ ಬಿದ್ದಿತು. ಹುಡುಗಿಯು ಮೊದಲು ಇಟ್ಟುದು ಚುಕ್ಕಿಗಳನ್ನು! ಸಮದೂರದ ಹದಿನಾರು ಚುಕ್ಕಿಗಳು ಕಂಬಗಳಾದುವು. ಗೆರೆಯು ಅವುಗಳನ್ನು ಬಳಸಿ ಹೊರಟಲ್ಲಿಗೇ ಬಂದು ಸೇರಿತು.

ಇದೇಕೆ ಹೀಗೆ? ನಿಂತವನ ಕಣ್ಣಿಗೆ ಕಂಡಂತೆ ಬರೆಯುವ ಕ್ರಮವನ್ನು ಇಟಲಿಯ ಆಲ್ಬೆರ್ಟಿ ೧೪೩೫ರಲ್ಲಿ ಗ್ರಂಥಸ್ಥಗೊಳಿಸಿದನು. ಪಶ್ಚಿಮದ ಶಾಲೆಗಳು ಬಹುಕಾಲ ಅದನ್ನೇ ಕಲಿಸಿದುವು. ನಮ್ಮ ಶಿಲ್ಪಿಯಾದರೋ ಮೊದಲು ಬ್ರಹ್ಮಸೂತ್ರವೆಂಬ ನಡುಗೆರೆಯನ್ನೆಳೆದು, ಮುಖದ ಉದ್ದವಾದ ತಾಲದಿಂದ ಅಂಗಾಂಗಗಳನ್ನು ಅಳೆಯುವನು. ನೋಡುವವನು ಎಲ್ಲಿ ನಿಂತಿರುವನೆಂಬ ಪ್ರಶ್ನೆಯೇ ಅಲ್ಲಿಲ್ಲ. ಅಂಗಳದ ರಂಗೋಲಿಯೂ ಬಾಗಿ ಮೇಲಿನಿಂದ ನೋಡಿ ಬರೆಯುವಂಥದು. ಮಸುದ, ನಿಸ್ಬೆಟ್ ಮೊದಲಾದ ಮನಶ್ಶಾಸ್ತ್ರಜ್ಞರು ೨೦೦೮ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಪೂರ್ವ ಏಷ್ಯದ ವಿದ್ಯಾರ್ಥಿಗಳು ಭೂದೃಶ್ಯದಲ್ಲಿ ದಿಗಂತವನ್ನು ಅಮೆರಿಕದವರಿಗಿಂತ ಮೇಲಕ್ಕೆ ಬರೆದುದು ಕಂಡುಬಂದಿತು. ಇದು ರಕ್ತದ ಗುಣವೆಂದು ವಾಚಕರು ಭಾವಿಸಬಾರದು. ನಮ್ಮ ಈ ಇಬ್ಬರಿಗೂ ಅಜ್ಜಿ ಒಬ್ಬಳೇ. ಕೈ ಪಳಗಿದ ಅಂಗಳಗಳು ಮಾತ್ರ ಬೇರೆ.

ಚುಕ್ಕಿಗಳನ್ನು ಕಂಡು ನಮ್ಮ ಮನಸ್ಸು ಅಳುಕಿತು. ಬಹುವರ್ಷಗಳ ಹಿಂದೆ, ನಮ್ಮ ತರಗತಿಯ ಬಾಲಿಕೆಯೊಬ್ಬಳು ಮನೆಯ ಚಿತ್ರಕ್ಕೆ ಹೀಗೆಯೇ ಚುಕ್ಕಿಯಿಟ್ಟು ಮೊದಲು ಮಾಡಿದ್ದಳು. "ಇದು ರಂಗೋಲಿ, ಚಿತ್ರವಲ್ಲ" ಎಂದು ನಾವು ಅಳಿಸಿಬಿಟ್ಟೆವು. ಆ ವರ್ಷವೆಲ್ಲ ಅವಳು ಪುಸ್ತಕದ ಚಿತ್ರಗಳನ್ನು ನಕಲು ಮಾಡಿದಳೇ ಹೊರತು ತನ್ನದೆಂಬುದೊಂದನ್ನೂ ಬರೆಯಲಿಲ್ಲ. ಅವಳ ಚುಕ್ಕಿಗಳಲ್ಲಿ ಕೋಣೆಗಳೆಷ್ಟಿದ್ದುವೋ, ನಾವು ಕೇಳಲೇ ಇಲ್ಲ.

ಈ ದಿನ ನಾವು ಬಾಯಿ ತೆರೆಯಲಿಲ್ಲ. ಹುಡುಗಿಯ ಹಾಳೆಯನ್ನು ನೋಡಿ ಹುಡುಗನು ತನ್ನ ಚಿತ್ರದ ಹಿಂಬದಿಯ ಕಂಬಗಳನ್ನು ಎಣಿಸಿದನು; ಒಂದು ಕಡಮೆಯಾಗಿತ್ತು. ಹುಡುಗಿಯು ಅವನ ನೆರಳುಗಳನ್ನು ನೋಡಿ, ಸಂಜೆಯ ಬಿಸಿಲು ಜಗಲಿಯವರೆಗೂ ನುಗ್ಗುವುದೆಂದು ಕಂಡುಕೊಂಡು, ಪಶ್ಚಿಮಕ್ಕೆ ಒಂದು ಗೋಡೆಯನ್ನೆಳೆದಳು.

ಮರುದಿನ ಬೆಳಗ್ಗೆ ಊರಿನ ಬೀದಿಯಲ್ಲಿ, ರಂಗೋಲಿಯಿಡುತ್ತಿದ್ದ ಮಗುವೊಂದರ ಎದುರಿಗೆ ಹುಡುಗನು ಕುಕ್ಕರಿಸಿ, ಮೊದಲು ಯಾವ ಚುಕ್ಕಿಯೆಂದು ಕೇಳುತ್ತಿದ್ದನು. ನಾವು ಗೆರೆಯನ್ನು ತುಳಿಯದೆ ಬಳಸಿಕೊಂಡು ಮುಂದೆ ನಡೆದೆವು.