ಬಿಸಿಲೂರಿನ ಅಂಗಳಕ್ಕೊಂದು ಪುಟ್ಟ ಕೊಳ

ಮೈಸೂರಿಗೆ ಹೋದವರು ಬೃಂದಾವನದ ಕಾರಂಜಿ ನೋಡದೆ ಬರುವುದುಂಟೆ? ನೋಡಿ ಬಂದ ಮೇಲೆ, ನಮ್ಮ ಮನೆಯ ಮುಂದೆಯೂ ಪುಟ್ಟದೊಂದಿದ್ದರೆ ಎಷ್ಟು ಚೆನ್ನ ಎಂದು ನಿಮಗೂ ಅನ್ನಿಸಿರಬೇಕು. ನನಗೂ ಅನ್ನಿಸಿತ್ತು. ನಮ್ಮದು ವಿಜಯಪುರದ ಕಡೆಯ ಬಿಸಿಲೂರು. ಹೊಸ ಮನೆ ಕಟ್ಟಿದಾಗ ಯಜಮಾನರನ್ನು ಕಾಡಿ ಬೇಡಿ, ಅಂಗಳದಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿಸಿ ನಡುವೆ ಕಾರಂಜಿ ಹಾಕಿಸಿಯೇಬಿಟ್ಟೆ. ಗೃಹಪ್ರವೇಶಕ್ಕೆ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು!

ಏಪ್ರಿಲ್ ಬಂತು ನೋಡಿ, ಬೆಳಗಾದರೆ ತೊಟ್ಟಿಗೆ ಕೊಡಗಟ್ಟಲೆ ನೀರು ಸುರಿಯಬೇಕಾಯಿತು. ನಲ್ಲಿಯಲ್ಲಿ ವಾರಕ್ಕೊಮ್ಮೆ ನೀರು ಬರುವ ಕಾಲ. ಒಂದು ಸಂಜೆ, ಪಾತ್ರೆ ತಿಕ್ಕಲು ಬರುವ ಹೆಂಗಸು ಕಾರಂಜಿಯ ಮುಂದೆ ನಿಂತು ಮೆಲ್ಲಗೆ ಕೇಳಿದಳು: "ಅಕ್ಕಾರ, ಇದನ್ನ ಬಂದ್ ಮಾಡೂ ಮುಂದ ನಂಗ ಎರಡು ಕೊಡ ತಗೊಂಡ ಹೋಗಾಕ ಬಿಡ್ತೀರೇನ್ರಿ?"

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೃಂದಾವನಕ್ಕೆ ಅಣೆಕಟ್ಟೆಯೇ ಬೆನ್ನಿಗಿದೆ. ನಮ್ಮ ಬೆನ್ನಿಗೆ ಏನಿದೆ? ಮರುದಿನವೇ ಕಾರಂಜಿ ನಿಲ್ಲಿಸಿದೆ.

ಮುಂದಿನ ವರ್ಷ ಸಾಗರದಿಂದ ನಾದಿನಿ ಬಂದಳು. ವಿಜಯಪುರ ತೋರಿಸಲು ಕರೆದೊಯ್ದೆ. ಗೋಳಗುಮ್ಮಟವನ್ನು ಎಲ್ಲರೂ ನೋಡುತ್ತಾರೆ. ನೀವು ಹೋದರೆ ಅಲ್ಲಿನ ನೀರಿನ ದಾರಿಯನ್ನೂ ನೋಡಿ ಬನ್ನಿ. ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಸಮಾಧಿ ಇರುವ ಇಬ್ರಾಹಿಂ ರೋಜಾದಲ್ಲಿ, ಗೋರಿಗೂ ಮಸೀದಿಗೂ ನಡುವೆ ಕಲ್ಲಿನ ಕೊಳ, ಕಾರಂಜಿ ಇವೆ. ನಾವು ಹೋದಾಗ ಕೊಳ ಒಣಗಿತ್ತು. ರಸ್ತೆ ಬದಿಯಲ್ಲೇ ಜಲಮಂಜಿಲ್ ಎಂಬ ಬೊಂಬೆಮನೆಯಂಥ ಮಂಟಪ. ಒಂದು ಕಾಲಕ್ಕೆ ಅದು ನೀರಿನ ನಡುವೆ ನಿಂತಿತ್ತಂತೆ.

"ಅತ್ತಿಗೆ, ಇಂಥ ಬಿಸಿಲಲ್ಲಿ ಇವರಿಗೆ ಇಷ್ಟು ನೀರು ಎಲ್ಲಿಂದ ಬರ್ತಿತ್ತು?" ಅಂದಳು ನಾದಿನಿ.

ಉತ್ತರ ಊರಿನಲ್ಲೇ ಇದೆ. 1620ರಲ್ಲಿ ಕಟ್ಟಿಸಿದ ತಾಜ್ ಬಾವಡಿಯ ಕಮಾನಿನ ಕೆಳಗೆ ನಿಂತರೆ, ಇದು ಬಾವಿಯೋ ಕೆರೆಯೋ ಎನ್ನಿಸುತ್ತದೆ. ಊರಿನ ದಕ್ಷಿಣಕ್ಕೆ 1651ರಲ್ಲಿ ಬೇಗಂ ತಾಲಾಬ್ ಕಟ್ಟಿಸಿ, ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ನೀರು ತಂದರು. ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಕಲ್ಲಿನ ಗೋಪುರಗಳು. ನೀರಿನ ಒತ್ತಡ ತಗ್ಗಿಸುವುದು, ಕೆಸರು ತಂಗಿಸುವುದು ಅವುಗಳ ಕೆಲಸ. ಊರಿನ ಪೂರ್ವಕ್ಕಿರುವ ಕುಮಟಗಿಯಲ್ಲಂತೂ ಕೆರೆಯ ನೀರನ್ನು ಎತ್ತರಕ್ಕೇರಿಸಿ, ಕೊಳದ ನಡುವಿನ ಮಂಟಪದ ಚಾವಣಿಯಿಂದ ಮಳೆಯಂತೆ ಉದುರಿಸುತ್ತಿದ್ದರು.

ಅಂದರೆ, ಮೊದಲು ಕೆರೆ ಬಾವಿ, ಆಮೇಲೆ ಕಾರಂಜಿ. ನಾನು ಮಾಡಿದ್ದು ತಿರುಗುಮುರುಗು!

ನಮ್ಮ ಅಂಗಳಕ್ಕೆ ಯಾವುದು?

ಹಾಗಾದರೆ ನಾವು ನೀರಿನ ಚೆಲುವಿನ ಆಸೆಯನ್ನೇ ಬಿಡಬೇಕೆ? ಬೇಡ. ಆದರೆ ಆರಿಸುವಾಗ ಒಂದು ಲೆಕ್ಕ ನೆನಪಿಡಿ. ನೀರು ಆರಿಹೋಗುವುದು ಮೇಲ್ಮೈಯಿಂದ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ತೊಟ್ಟಿಯಲ್ಲಿ ನೀರು ಒಂದು ಸೆಂಟಿಮೀಟರ್ ಇಳಿದರೆ ಹತ್ತು ಲೀಟರ್ ಹೋದಂತೆ. ಒಂದೂವರೆ ಅಡಿ ಬಾಯಿಯ ಬಾನಿಯಲ್ಲಿ ಅಷ್ಟೇ ಇಳಿದರೆ ಹೋಗುವುದು ಒಂದೂವರೆ ಲೀಟರ್ ಚಿಲ್ಲರೆ. ಆದ್ದರಿಂದ ಬಾಯಿ ಕಿರಿದು, ಆಳ ಹೆಚ್ಚು ಇರುವ ಪಾತ್ರೆಯೇ ಲೇಸು.

ಅಜ್ಜಿಯ ಕಾಲದ ಕಲ್ಲಿನ ಬಾನಿ ಹಿತ್ತಲಲ್ಲಿ ಬಿದ್ದಿದ್ದರೆ ತೊಳೆದು ತನ್ನಿ. ತಳಕ್ಕೆ ಜೇಡಿಮಣ್ಣು ಹಾಕಿ ಒಂದು ನೈದಿಲೆ ಗಡ್ಡೆ ನೆಡಿ. ಬೆಳಗಿನ ಬಿಸಿಲು ಬಿದ್ದು, ಮಧ್ಯಾಹ್ನ ನೆರಳಾಗುವ ಕಡೆ ಇಡಿ. ಎಲೆ ಹರಡಿದಷ್ಟೂ ನೀರಿಗೆ ಮರೆ. ಸೊಳ್ಳೆಮರಿ ತಿನ್ನಲು ನಾಲ್ಕು ಗಪ್ಪಿ ಮೀನು ಸಾಕು. ಎಳೆಯ ಮಕ್ಕಳಿರುವ ಮನೆಯಲ್ಲಿ ಬಾನಿಯ ಬಾಯಿಗೆ ಕಬ್ಬಿಣದ ಜಾಳಿಗೆ ಹೊದಿಸುವುದನ್ನು ಮರೆಯಬೇಡಿ.

ನೀರಿನ ಸದ್ದೇ ಬೇಕೆನ್ನುವವರು ಆಕಾಶಕ್ಕೆ ಚಿಮ್ಮುವ ಕಾರಂಜಿ ಬಿಡಿ. ಅದರ ಹನಿಗಳನ್ನು ಗಾಳಿಯೇ ಕುಡಿಯುತ್ತದೆ. ನೆಲದೊಳಗೆ ಒಂದು ಡ್ರಮ್ ಹೂತು, ಬಾಯಿಗೆ ಗಟ್ಟಿ ಜಾಳಿಗೆ ಹಾಕಿ, ಮೇಲೆ ಹೊಳೆಗಲ್ಲು ಜೋಡಿಸಿ. ಒಳಗಿನ ಸಣ್ಣ ಪಂಪು ನೀರನ್ನು ಮೆಲ್ಲಗೆ ಉಕ್ಕಿಸಿದರೆ, ಅದು ಕಲ್ಲುಗಳ ಮೇಲೆ ಹರಿದು ಮತ್ತೆ ಡ್ರಮ್ಮಿಗೇ ಇಳಿಯುತ್ತದೆ. ನೆಂಟರು ಬಂದಾಗ ಒಂದು ಗಳಿಗೆ ಹಾಕಿದರಾಯಿತು.

ಇದಾವುದೂ ಬೇಡವೆಂದರೆ ಮಣ್ಣಿನ ಅಗಲ ತಟ್ಟೆಯಲ್ಲಿ ಎರಡಂಗುಲ ನೀರಿಡಿ, ಗುಬ್ಬಿಗಳು ಬರುತ್ತವೆ. ಎರಡು ದಿನಕ್ಕೊಮ್ಮೆ ತಟ್ಟೆ ತಿಕ್ಕಿ, ಹಳೆಯ ನೀರನ್ನು ತುಳಸಿಗೋ ಮಲ್ಲಿಗೆಗೋ ಹಾಕಿ. ಸೊಳ್ಳೆಯೂ ಇಲ್ಲ, ನೀರೂ ದಂಡವಿಲ್ಲ.

ಈಗಾಗಲೇ ತೊಟ್ಟಿ ಕಟ್ಟಿಸಿದ್ದೀರಾ? ಅದರ ಪಕ್ಕದಲ್ಲಿ ಒಂದು ಬಕೆಟ್ ತುಂಬ ನೀರಿಡಿ. ಎರಡರಲ್ಲೂ ಇದ್ದಿಲಿನಿಂದ ಮಟ್ಟ ಗುರುತಿಸಿ, ಮರುದಿನ ನೋಡಿ. ಬಕೆಟ್ಟಿಗಿಂತ ತೊಟ್ಟಿಯಲ್ಲಿ ಬಹಳ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ನಮ್ಮ ತೊಟ್ಟಿಯ ತಳಕ್ಕೆ ತೂತು ಹೊಡೆಸಿ, ಮಣ್ಣು ತುಂಬಿ ಮಲ್ಲಿಗೆ ಹಬ್ಬಿಸಿದ್ದೇವೆ. ಪಕ್ಕದ ಬಾನಿಯಲ್ಲಿ ನೈದಿಲೆ ಅರಳುತ್ತದೆ. ನಲ್ಲಿ ಬಂದ ದಿನ ಮೊದಲ ಎರಡು ಕೊಡ ಅವಳ ಮನೆಗೆ. ಹೋಗುವಾಗ ಮುಡಿಗೆ ಒಂದು ತುಂಡು ಮಲ್ಲಿಗೆಯನ್ನು ಅವಳೇ ಬಿಡಿಸಿಕೊಳ್ಳುತ್ತಾಳೆ.